ಹೃದಯ ಸರಿ ಇದ್ರೆ ಕಾಲು ಯಾಕೆ ಊದ್ತದೆ?

ನನ್ನ ಅಜ್ಜಿಯ ಎಡಗಾಲು ಮೊಣಕಾಲಿನಿಂದ ಕೆಳಗೆ ಕಂಬದ ಹಾಗೆ ಊದಿತ್ತು. ಉಡುಪಿ ಕಡೆಯ ನಮ್ಮೂರಲ್ಲಿ ಅದನ್ನು ಆನೆಕಾಲು ಅನ್ನುತ್ತಾರೆ. ಮದುವೆ ಮನೆಗೆ ಹೋದರೆ ಅಜ್ಜಿ ಸೀರೆಯನ್ನು ಕೆಳಗೆ ಎಳೆದುಕೊಂಡು ಮೂಲೆಯಲ್ಲಿ ಕೂರುತ್ತಿದ್ದರು. ಒಮ್ಮೆ ಆಸ್ಪತ್ರೆಯಲ್ಲಿ ಇಸಿಜಿ ಮಾಡಿ ಹೃದಯ ಚೆನ್ನಾಗಿದೆ ಅಂದರು. ಹೊರಗೆ ಬಂದ ಕೂಡಲೇ ಅಜ್ಜಿ ಕೇಳಿದರು, "ಮಗಾ, ಹೃದಯ ಸರಿ ಇದ್ರೆ ಕಾಲು ಯಾಕೆ ಊದ್ತದೆ?"

ನಾನಾಗ ಬಿ.ಎಸ್ಸಿ. ಓದುತ್ತಿದ್ದೆ. ಉತ್ತರ ಗೊತ್ತಿರಲಿಲ್ಲ. ಹೃದಯ, ಕೆಂಪು ನಾಳ, ನೀಲಿ ನಾಳ, ಇಷ್ಟೇ ರಕ್ತ ಪರಿಚಲನೆ ಅಂದುಕೊಂಡಿದ್ದೆ. ಪುಸ್ತಕ ತೆಗೆದು ಕೂತಾಗ ಗೊತ್ತಾಯಿತು, ಅದು ಅರ್ಧ ಕಥೆ ಮಾತ್ರ.

ರಕ್ತ ಕೊನೆಗೆ ಕೂದಲಿಗಿಂತ ಸಣ್ಣ ಲೋಮನಾಳಗಳಿಗೆ ಬರುತ್ತದೆ. ಅವುಗಳ ಗೋಡೆ ತುಂಬಾ ತೆಳು. ಅಲ್ಲಿಂದ ದಿನಕ್ಕೆ ಸುಮಾರು 20 ಲೀಟರ್ ದ್ರವ ಜಿನುಗಿ ಜೀವಕೋಶಗಳ ಸುತ್ತ ಸೇರುತ್ತದೆ. ಹೆಚ್ಚಿನದು ಅಲ್ಲೇ ವಾಪಸ್ ಹೋಗುತ್ತದೆ. ಸುಮಾರು 3 ಲೀಟರ್ ಹೊರಗೇ ಉಳಿಯುತ್ತದೆ. ನಮ್ಮ ಮೈಯಲ್ಲಿರುವ ರಕ್ತವೇ 5 ಲೀಟರ್, ಅಲ್ವಾ? ಆ ಮೂರು ಲೀಟರ್ ವಾಪಸ್ ಬರದಿದ್ದರೆ ಒಂದೇ ದಿನದಲ್ಲಿ ಹೃದಯಕ್ಕೆ ತಳ್ಳಲು ರಕ್ತವೇ ಸಾಲದು.

ಅಜ್ಜಿಗೆ ನಾನು ಅಡಿಕೆ ತೋಟದ ಲೆಕ್ಕದಲ್ಲಿ ಹೇಳಿದೆ. ನೀರು ಬಿಡುವುದು ಹೃದಯ. ಹೆಚ್ಚಾದದ್ದನ್ನು ಒಯ್ಯಲು ಬಸಿಗಾಲುವೆ ಬೇಕಲ್ಲ, ಅದು ದುಗ್ಧನಾಳ. ಅದರೊಳಗೆ ಸೇರಿದ ಆ ದ್ರವವೇ ದುಗ್ಧರಸ. ಕಾಲಿನಿಂದ ಹೊರಟ ಅದು ತೊಡೆಸಂದಿನ ಗಂಟುಗಳಲ್ಲಿ ಸೋಸಿಕೊಂಡು, ಹೊಟ್ಟೆ, ಎದೆ ದಾಟಿ, ಎಡಗಡೆ ಕೊರಳೆಲುಬಿನ ಹತ್ತಿರ ರಕ್ತನಾಳಕ್ಕೆ ಸೇರುತ್ತದೆ. ಅಲ್ಲಿಂದ ಹೃದಯಕ್ಕೆ. ಈ ದಾರಿಗೆ ಹೃದಯದಂಥ ಪಂಪ್ ಇಲ್ಲ. ನಾಳಗಳು ತಾವೇ ಹಿಂಡಿಕೊಳ್ಳುತ್ತವೆ, ಮೀನಖಂಡ ಒತ್ತುತ್ತದೆ, ಉಸಿರಾಟವೂ ಎಳೆಯುತ್ತದೆ. "ಹಾಗಾದ್ರೆ ನನ್ನ ಕಾಲುವೆ ಕಟ್ಟಿದೆ" ಅಂದರು ಅಜ್ಜಿ. ಸರಿಯಾಗಿಯೇ ಹೇಳಿದರು.

ಕಟ್ಟಿಸಿದ್ದು ಸೊಳ್ಳೆ ತಂದ ಹುಳ. ದಾರದಂಥ ಈ ಹುಳ ವರ್ಷಗಟ್ಟಲೆ ದುಗ್ಧನಾಳದಲ್ಲೇ ವಾಸ ಮಾಡಿ ಅದನ್ನು ಹಾಳು ಮಾಡುತ್ತದೆ. ಅದರ ಮರಿಗಳು ಮಾತ್ರ ರಕ್ತಕ್ಕೆ ಬರುತ್ತವೆ. ಹಗಲು ಶ್ವಾಸಕೋಶದ ನಾಳಗಳಲ್ಲಿ ಅಡಗಿದ್ದು, ಸೊಳ್ಳೆ ಕಚ್ಚುವ ರಾತ್ರಿ ಹೊತ್ತಿಗೆ ಚರ್ಮದ ಹತ್ತಿರ ಬರುತ್ತವೆ. ಚಿಕ್ಕವಳಿದ್ದಾಗ ಆರೋಗ್ಯ ಇಲಾಖೆಯವರು ರಾತ್ರಿ ಟಾರ್ಚ್ ಹಿಡಿದು ಮನೆಗೆ ಬಂದು, ನಿದ್ದೆಗಣ್ಣಲ್ಲಿದ್ದ ನಮ್ಮ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದದ್ದು ನೆನಪಿದೆ. ಹಗಲಲ್ಲಿ ಯಾಕೆ ಬರುವುದಿಲ್ಲ ಅಂತ ಅಳುತ್ತಿದ್ದೆ. ಕಾರಣ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಈ ರೋಗ ಇರುವ ಊರುಗಳಲ್ಲಿ ಆರೋಗ್ಯ ಇಲಾಖೆಯವರು ವರ್ಷಕ್ಕೊಮ್ಮೆ ಕೊಡುವ ಮಾತ್ರೆ ಮುಖ್ಯವಾಗಿ ಆ ಮರಿಗಳನ್ನು ಕೊಲ್ಲುತ್ತದೆ. ಆಗ ರೋಗ ಇನ್ನೊಬ್ಬರಿಗೆ ಹೋಗುವುದಿಲ್ಲ. ಕಾಲು ಊದಿಲ್ಲ ಅಂತ ಸುಮ್ನೆ ಎಸೆಯಬೇಡಿ, ದಯವಿಟ್ಟು ನುಂಗಿ. ಆದರೆ ಹಾಳಾದ ನಾಳ ಮೊದಲಿನಂತೆ ಆಗುವುದಿಲ್ಲ. ಅಜ್ಜಿಗೆ ಉಳಿದದ್ದು ಆರೈಕೆ. ದಿನಾ ಸೋಪು ಹಾಕಿ ತೊಳೆಯುವುದು, ಬೆರಳ ಸಂದಿಯನ್ನು ಒಣ ಬಟ್ಟೆಯಿಂದ ಒರೆಸುವುದು, ಮಲಗುವಾಗ ಕಾಲ ಕೆಳಗೆ ದಿಂಬು, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುವುದು. ಊತ ಪೂರ್ತಿ ಇಳಿಯಲಿಲ್ಲ. ಆದರೆ ಬಿರುಕಿನಿಂದ ಸೋಂಕು ಹತ್ತಿ ಪದೇ ಪದೇ ಬರುತ್ತಿದ್ದ ಚಳಿಜ್ವರ ಬಹಳ ಕಡಿಮೆಯಾಯಿತು. ಕೊನೆಯ ವರ್ಷಗಳಲ್ಲಿ ಅಜ್ಜಿ ಜಾತ್ರೆಗೂ ಹೋಗಿ ಬಂದರು.

ಈಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹೃದಯದ ಚಿತ್ರ ಬರೆದ ಮೇಲೆ ಹಸಿರು ಸೀಮೆಸುಣ್ಣದಲ್ಲಿ ಮೂರನೇ ದಾರಿಯನ್ನೂ ಬರೆಯುತ್ತೇನೆ. ಈ ಸಲ ಕ್ಲಾಸ್ ಮುಗಿದ ಮೇಲೆ ಒಬ್ಬಳು ಹುಡುಗಿ ಹಿಂದೆ ಉಳಿದಳು. "ಟೀಚರ್, ನಮ್ಮಜ್ಜನ ಕಾಲೂ ಹಾಗೇ ಉಂಟು" ಅಂದಳು. ಶನಿವಾರ ಅವರ ಮನೆಗೆ ಹೋಗಿ, ಬಕೆಟ್ ನೀರು ಇಟ್ಟುಕೊಂಡು, ಬೆರಳ ಸಂದಿ ಒರೆಸುವುದು ಹೇಗೆ ಅಂತ ತೋರಿಸಿ ಬಂದೆ.