ಪುಟ್ಟ ರೈಲಿನ ಸುತ್ತ ಕೂತವರು ಮತ್ತು ನಮ್ಮ ಪ್ಯಾಟರ್ನ್ ಶಾಪ್

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಪ್ಯಾಟರ್ನ್ ಮಾಡುತ್ತೇನೆ. ಪಂಪಿನ ಕೇಸಿಂಗ್, ವಾಲ್ವಿನ ಬಾಡಿ, ಗೇರ್‌ಬಾಕ್ಸಿನ ಮುಚ್ಚಳ, ಹೀಗೆ ಎರಕ ಹೊಯ್ಯುವ ಪ್ರತಿಯೊಂದಕ್ಕೂ ಮೊದಲು ಮರದಲ್ಲೋ ರೆಸಿನ್‌ನಲ್ಲೋ ಒಂದು ರೂಪ ಬೇಕು. ಅದನ್ನು ಮರಳಿನಲ್ಲಿ ಕೂರಿಸಿ ಹೊರಗೆ ತೆಗೆಯುತ್ತಾರೆ. ಉಳಿದ ಖಾಲಿ ಜಾಗಕ್ಕೆ ಕರಗಿದ ಕಬ್ಬಿಣ ಹೋಗುತ್ತದೆ. ಬೀಡು ಕಬ್ಬಿಣ ತಣ್ಣಗಾಗುವಾಗ ಸುಮಾರು ನೂರಕ್ಕೆ ಒಂದು ಪಾಲು ಕುಗ್ಗುತ್ತದೆ. ಹಾಗಾಗಿ 1000 ಮಿ.ಮೀ. ಎರಕ ಬೇಕಿದ್ದರೆ ಪ್ಯಾಟರ್ನ್ 1010 ಮಿ.ಮೀ. ಇರಬೇಕು. ನಮ್ಮ ಅಳತೆಪಟ್ಟಿಯೇ ಬೇರೆ. ಅದರ ಗೆರೆಗಳನ್ನು ಆ ಲೆಕ್ಕಕ್ಕೆ ಸ್ವಲ್ಪ ದೂರ ದೂರ ಹಾಕಿರುತ್ತಾರೆ.

ಶನಿವಾರ ಸಂಜೆ ಗೆಳೆಯರ ಜೊತೆ ಪುಟ್ಟ ಮಾಡೆಲ್ ರೈಲು ಕಟ್ಟುತ್ತೇನೆ. ಅಲ್ಲಿನ ಅಳತೆ ಮತ್ತೊಂದು, 1:87, ಅಂದರೆ ನಿಜದ 87ರಲ್ಲಿ ಒಂದು ಪಾಲು. ಮಾಡೆಲ್ ರೈಲಿನವರು ಇದಕ್ಕೆ ಎಚ್‌ಓ ಅನ್ನುತ್ತಾರೆ. ಇಪ್ಪತ್ತಮೂರೂವರೆ ಮೀಟರ್ ಉದ್ದದ ಎಲ್‌ಎಚ್‌ಬಿ ಮಾದರಿಯ ಪ್ರಯಾಣಿಕರ ಬೋಗಿ ಇಲ್ಲಿ 27 ಸೆಂ.ಮೀ. ಆಗುತ್ತದೆ. ನಮ್ಮ ದೇಶದ ಬ್ರಾಡ್‌ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 1676 ಮಿ.ಮೀ., ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ. ದಾಟುತ್ತದೆ. ಆದರೆ ತಯಾರಾಗಿ ಸಿಗುವ ಹಳಿ ಯುರೋಪ್, ಅಮೆರಿಕದ 1435 ಮಿ.ಮೀ. ಗೇಜಿನ ಲೆಕ್ಕದ್ದು, 16.5 ಮಿ.ಮೀ. ಅಗಲ. ನಮ್ಮ ಬೋಗಿಗಳನ್ನು ಅದರ ಮೇಲೆಯೇ ಓಡಿಸುತ್ತೇವೆ. ಟಿಳಕವಾಡಿಯ ಎರಡನೇ ಗೇಟಿನ ಹತ್ತಿರ ಗೆಳೆಯರೊಬ್ಬರ ಮಾಳಿಗೆಯ ಮೇಲೆ ನಮ್ಮ ಟೇಬಲ್ ಇದೆ. ಲೋಂಡಾದಿಂದ ಕ್ಯಾಸಲ್‌ರಾಕ್ ದಾಟಿ ಘಾಟ್ ಇಳಿಯುವ ದಾರಿಯನ್ನು ಅದರ ಮೇಲೆ ಕಟ್ಟುತ್ತಿದ್ದೇವೆ.

ಈ ಹವ್ಯಾಸದವರೆಲ್ಲ ಎಂಜಿನಿಯರುಗಳೇ ಇರಬೇಕು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಒಬ್ಬರ ಕೆಲಸ ಇನ್ನೊಬ್ಬರದ್ದಲ್ಲ. ರೈಲಿಗಿಂತ ಜಾಸ್ತಿ ನನ್ನನ್ನು ಅಲ್ಲಿಗೆ ಎಳೆಯುವುದು ಅದೇ. ಒಬ್ಬೊಬ್ಬರೂ ತಮ್ಮ ಹೊಟ್ಟೆಪಾಡಿನ ಕೆಲಸ ಕಲಿಸಿದ ಕಣ್ಣನ್ನು ಟೇಬಲ್ಲಿನ ಹತ್ತಿರ ತರುತ್ತಾರೆ. ಅಲ್ಲಿ ಕಂಡದ್ದನ್ನು ನಾನು ಪ್ಯಾಟರ್ನ್ ಶಾಪಿಗೆ ತಂದೆ. ಈ ಬರಹ ಅದರ ಬಗ್ಗೆ.

ಮೊದಲು ಡ್ರೈವರ್ ಕಾಕಾ. ರೈಲ್ವೆಯಿಂದ ನಿವೃತ್ತರಾದವರು, ಬ್ರಗಾಂಝಾ ಘಾಟಿನಲ್ಲಿ ಗೂಡ್ಸ್ ಓಡಿಸಿದವರು. ಕ್ಯಾಸಲ್‌ರಾಕ್ ಮತ್ತು ಕುಳೆಂ ನಡುವಿನ ಆ ದಾರಿಯ ಏರು 1:37. ಅಂದರೆ 37 ಮೀಟರ್ ಹೋಗುವುದರೊಳಗೆ ಒಂದು ಮೀಟರ್ ಹತ್ತಬೇಕು. ಭಾರದ ಗಾಡಿಯನ್ನು ಬ್ಯಾಂಕರ್ ಎಂಜಿನ್‌ಗಳು ಹಿಂದಿನಿಂದ ತಳ್ಳುತ್ತವೆ. ನಮ್ಮ ಟೇಬಲ್ಲಿನ ಘಾಟಿಗೂ ಅದೇ ಏರು ಕೊಟ್ಟಿದ್ದೇವೆ. ಎಂಜಿನ್ ಹತ್ತಿತು, ನಾವೆಲ್ಲ ಖುಷಿಪಟ್ಟೆವು. ಕಾಕಾ ಕಂಟ್ರೋಲರ್ ಕೈಗೆ ತಗೊಂಡು ಗುಂಡಿಯನ್ನು ಸ್ವಲ್ಪ ತಿರುಗಿಸಿದರು, ತಕ್ಷಣ ಬಿಟ್ಟರು. "ಹಿಂಗ ಜಿಗದು ಹೊಂಟ್ರ ಕಪ್ಲಿಂಗ್ ಉಳೀತಾವೇನ್ರಿ?" ಅಂದರು.

ಡಿಸಿಸಿ ಅನ್ನುವ ಡಿಜಿಟಲ್ ಕಂಟ್ರೋಲಿನಲ್ಲಿ ಪ್ರತಿ ಎಂಜಿನ್ ಒಳಗೂ ಒಂದು ಪುಟ್ಟ ಡಿಕೋಡರ್ ಇರುತ್ತದೆ. ಅದರಲ್ಲಿ ಸಿವಿ ಅಂತ ನಂಬರ್ ಹಾಕಿದ ಸೆಟ್ಟಿಂಗ್‌ಗಳು. ಸಿವಿ 3 ಹೆಚ್ಚಿಸಿದರೆ ಎಂಜಿನ್ ನಿಧಾನಕ್ಕೆ ವೇಗ ಹಿಡಿಯುತ್ತದೆ, ಸಿವಿ 4 ಹೆಚ್ಚಿಸಿದರೆ ನಿಧಾನಕ್ಕೆ ನಿಲ್ಲುತ್ತದೆ. ಕಾಕಾ ಇವೆರಡನ್ನೂ ಏರಿಸುತ್ತಾ ಹೋದರು. ಗೂಡ್ಸ್ ಹೊರಡುವಾಗ ಮೊದಲ ವ್ಯಾಗನ್ ಎಳೆದುಕೊಳ್ಳಬೇಕು, ಆಮೇಲೆ ಎರಡನೆಯದು, ಆಮೇಲೆ ಮೂರನೆಯದು. ಕೊನೆಯದು ಕದಲುವ ಹೊತ್ತಿಗೂ ಎಂಜಿನ್ ಇನ್ನೂ ತೆವಳುತ್ತಿರಬೇಕು. ಅದಾದ ಮೇಲೆ ಸ್ಟಾಪ್‌ವಾಚ್ ಬಂತು. ಮುಖ್ಯ ಹಳಿ ಬಿಟ್ಟು ಪಕ್ಕದ ಲೂಪ್ ಲೈನಿಗೆ ತಿರುಗುವಾಗ ಗಂಟೆಗೆ 15 ಕಿ.ಮೀ. ವೇಗ ಅಂದರೆ ನಮ್ಮ ಅಳತೆಯಲ್ಲಿ ಸೆಕೆಂಡಿಗೆ 5 ಸೆಂ.ಮೀ.ಗೂ ಕಡಿಮೆ. ಹಳಿ ಪಕ್ಕ ಪೆನ್ಸಿಲ್ ಗುರುತು ಹಾಕಿ ಅದನ್ನೂ ನೋಡಿದೆವು. ಅಂದಿನಿಂದ ನಮ್ಮ ಗಾಡಿ ನಿಜವಾಗಿಯೂ ಭಾರ ಹೊತ್ತ ಗಾಡಿಯಂತೆ ಹೊರಡುತ್ತದೆ.

ಹೆಸ್ಕಾಂ ಲೈನ್‌ಮನ್ ಅಣ್ಣನಿಗೆ ಎಂಜಿನ್ ಬಗ್ಗೆ ಅಷ್ಟೇನೂ ಆಸಕ್ತಿ ಇಲ್ಲ. ಅವನು ಬಂದವನೇ ಟೇಬಲ್ ಕೆಳಗೆ ನುಗ್ಗುತ್ತಾನೆ. ಹಳಿಯ ತುಂಡುಗಳನ್ನು ಜೋಡಿಸುವ ಫಿಶ್‌ಪ್ಲೇಟ್ ಕರೆಂಟ್ ಸಾಗಿಸುತ್ತದೆ ಅಂತ ನಂಬಬೇಡಿ ಅನ್ನುವುದು ಅವನ ಮೊದಲ ಮಾತು. ಧೂಳು ಕೂತರೆ, ತುಕ್ಕು ಹಿಡಿದರೆ ಜಾಯಿಂಟ್ ಸಡಿಲವಾಗುತ್ತದೆ. ಊರಿನ ಕೊನೆಯ ಮನೆಯಲ್ಲಿ ವೋಲ್ಟೇಜ್ ಬೀಳುವುದನ್ನು ದಿನಾ ನೋಡುವವನು ಅವನು. ಟೇಬಲ್ ಕೆಳಗೆ ಉದ್ದಕ್ಕೂ ದಪ್ಪ ವೈರ್ ಎಳೆದ. ಪ್ರತಿ ಹಳಿ ತುಂಡಿಗೂ ಅದರಿಂದ ತೆಳು ವೈರ್ ಬೆಸೆಸಿದ. ಆಮೇಲೆ ಎಲ್ಲಕ್ಕಿಂತ ದೂರದ ಮೂಲೆಯಲ್ಲಿ ಎರಡೂ ಹಳಿಗೆ ತಾಗುವಂತೆ ಒಂದು ನಾಣ್ಯ ಇಟ್ಟ. ಶಾರ್ಟ್ ಆದ ಕೂಡಲೇ ಹಳಿಗೆ ಕರೆಂಟ್ ಕೊಡುವ ಬೂಸ್ಟರ್ ಟ್ರಿಪ್ ಆಗಬೇಕು. ಆಗದಿದ್ದರೆ ಅಲ್ಲಿಗೆ ಹೋಗುವ ವೈರಿಂಗ್ ಸಾಲದು ಅಂತ ಅರ್ಥ. ಒಂದು ನಾಣ್ಯದಲ್ಲಿ ಇಷ್ಟು ಸ್ಪಷ್ಟ ಉತ್ತರ ಸಿಗುತ್ತದೆ ಅಂತ ಗೊತ್ತಾಗಿ ನನಗೆ ಬಹಳ ಖುಷಿಯಾಯಿತು.

ಆ ತೆಳು ವೈರುಗಳನ್ನು ಬೆಸೆದವರು ಶಹಾಪುರದ ಅಕ್ಕಸಾಲಿಗರು. ಬೆಸುಗೆ ಯಾವಾಗಲೂ ಬಿಸಿ ಇರುವ ಕಡೆಗೆ ಓಡುತ್ತದೆ, ಅದಕ್ಕೇ ದಪ್ಪ ತುಂಡನ್ನು ಮೊದಲು ಕಾಯಿಸಬೇಕು ಅನ್ನುತ್ತಾರೆ. ಹಳಿಯ ಕೆಳಗಿನ ಪ್ಲಾಸ್ಟಿಕ್ ಸ್ಲೀಪರ್ ಕರಗದಂತೆ ಎರಡೂ ಪಕ್ಕ ಒದ್ದೆ ಹತ್ತಿ ಇಡುತ್ತಾರೆ. ಲ್ಯಾಬ್ ಟೆಕ್ನಿಷಿಯನ್ ಅಕ್ಕಾವರು ಹಳಿ ನಡುವಿನ ಜಲ್ಲಿಗೆ ಸಿರಿಂಜಿನಿಂದ ಅಂಟು ಬಿಡುತ್ತಾರೆ. ನೀರು ಬೆರೆಸಿದ ಫೆವಿಕಾಲಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದರೆ ಅಂಟು ಮೇಲೆ ಗುಂಡಗೆ ನಿಲ್ಲದೆ ಒಳಗೆ ಇಳಿಯುತ್ತದೆ ಅಂತ ತೋರಿಸಿಕೊಟ್ಟವರು ಅವರೇ. ಬ್ಯಾಂಕಿನ ಕ್ಯಾಷಿಯರ್ ಸರ್ ಪ್ರತಿ ವ್ಯಾಗನ್ನಿಗೆ ಒಂದು ಕಾರ್ಡ್ ಬರೆದಿದ್ದಾರೆ. ಏನು ಲೋಡ್, ಎಲ್ಲಿಂದ, ಎಲ್ಲಿಗೆ. ಸಂಜೆ ಮುಗಿಯುವಾಗ ಕಾರ್ಡು, ವ್ಯಾಗನ್ನು ಟ್ಯಾಲಿ ಆಗಲೇಬೇಕು. ಬೋರ್ಡ್ ಬರೆಯುವ ಪೇಂಟರ್ ಮಾಮಾ ವ್ಯಾಗನ್ನಿನ ಕೆಳಭಾಗಕ್ಕೆ ಖಾನಾಪುರ ಕಡೆಯ ಕೆಂಪು ಧೂಳಿನ ಬಣ್ಣ ಒಣ ಬ್ರಶ್ಶಿನಲ್ಲಿ ಸವರುತ್ತಾರೆ, ಮೇಲೆ ಕಲ್ಲಿದ್ದಲಿನ ಕಪ್ಪು.

ಇದು ನಮ್ಮೂರಿನ ವಿಶೇಷವೇನಲ್ಲ. ಈ ಹವ್ಯಾಸ ಮೊದಲಿಂದಲೂ ಹೀಗೇ ಇದೆ. ಹಾರ್ನ್‌ಬಿ ಆಟಿಕೆ ರೈಲಿನ ಫ್ರಾಂಕ್ ಹಾರ್ನ್‌ಬಿ ಲಿವರ್‌ಪೂಲಿನಲ್ಲಿ ಮಾಂಸ ಆಮದು ಮಾಡುವ ವ್ಯಾಪಾರಿಯ ಹತ್ತಿರ ಲೆಕ್ಕ ಬರೆಯುತ್ತಿದ್ದವರು. 1901ರಲ್ಲಿ ತುಂಡು ಜೋಡಿಸಿ ಕಟ್ಟುವ ಮೆಕ್ಯಾನೊ ಆಟಿಕೆಗೆ ಪೇಟೆಂಟ್ ತಗೊಂಡರು, 1920ರಲ್ಲಿ ಅವರ ಕಂಪನಿಯ ರೈಲು ಬಂತು. ಅಮೆರಿಕದ ಜಾನ್ ಅಲೆನ್ ಫೋಟೋಗ್ರಾಫರ್. ಮಾಡೆಲ್‌ಗಳು ಅಂಗಡಿಯ ಹೊಸ ಸಾಮಾನಿನಂತೆ ಹೊಳೆಯುತ್ತಿದ್ದ ಕಾಲದಲ್ಲಿ ಅವರು ತುಕ್ಕು, ಮಸಿ, ಮಾಸಿದ ಬಣ್ಣ ಹಚ್ಚಿ ತೋರಿಸಿದರು. ಬೆಳಕು ಹೇಗೆ ಬೀಳುತ್ತದೆ ಅಂತ ನೋಡುವುದೇ ಅವರ ಉದ್ಯೋಗವಾಗಿತ್ತಲ್ಲ! ಹಾಡುಗಾರ ರಾಡ್ ಸ್ಟೀವರ್ಟ್ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಂದು ಇಡೀ ನಗರವನ್ನೇ 1:87ರಲ್ಲಿ ಕಟ್ಟಿದ್ದಾರೆ.

ನನಗೆ ತುಂಬಾ ಇಷ್ಟವಾದವರು ಇಂಗ್ಲೆಂಡಿನ ಪಾದ್ರಿ ಪೀಟರ್ ಡೆನ್ನಿ. ಬಕಿಂಗ್‌ಹ್ಯಾಮ್ ಅನ್ನುವ ಅವರ ಮಾಡೆಲ್ ರೈಲಿನ ಲೇಔಟಿನಲ್ಲಿ ನಿಜವಾದ ರೈಲ್ವೆಯಂತೆ ಗಂಟೆ ಬಾರಿಸಿ ಪಕ್ಕದ ಸ್ಟೇಶನ್ನಿನ ಒಪ್ಪಿಗೆ ಪಡೆದೇ ಗಾಡಿ ಬಿಡಬೇಕಿತ್ತು. ಆ ಕಡೆ ಮಗ ಕ್ರಿಸ್ಪಿನ್ ಕೂರುತ್ತಿದ್ದ. ಅವನು ಇಲ್ಲದ ದಿನಗಳಿಗೆ ಅವರು ಗಂಟೆಗೆ ಉತ್ತರ ಕೊಡುವ ಒಂದು ಯಂತ್ರ ಮಾಡಿದರು. ಅದರ ಹೆಸರು ಆಟೊಮ್ಯಾಟಿಕ್ ಕ್ರಿಸ್ಪಿನ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹುಡುಗರ ಮಾಡೆಲ್ ರೈಲು ಕ್ಲಬ್ 1946ರಲ್ಲಿ ಶುರುವಾಯಿತು. ಅವರು ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳಿಂದ ಸಿಗ್ನಲ್ ಕಟ್ಟಿದರು. ಅವರಲ್ಲಿ ಹಲವರು ಮುಂದೆ ಕಂಪ್ಯೂಟರಿನ ಕಡೆ ಹೋದರು. ನಮಗೆ ಹತ್ತಿರದಲ್ಲೇ, ಪುಣೆಯಲ್ಲಿ, ಜೋಶಿ ಅವರ ಪುಟಾಣಿ ರೈಲು ಮ್ಯೂಸಿಯಂ 1998ರಿಂದ ಇದೆ. ಬೆಳಗಾವಿಯಿಂದ ಮಿರಜ್ ದಾರಿಯಲ್ಲಿ ರೈಲಿನಲ್ಲೇ ಹೋಗಿ ಬರಬಹುದು, ಒಮ್ಮೆ ಹೋಗಿ ನೋಡಿ.

ಈಗ ಫೌಂಡ್ರಿಗೆ ಬರುತ್ತೇನೆ. ಸಾಮಾನ್ಯವಾಗಿ ಡ್ರಾಯಿಂಗ್ ಬರುತ್ತದೆ, ನಾವು ಪ್ಯಾಟರ್ನ್ ಮಾಡುತ್ತೇವೆ, ಇನ್‌ಸ್ಪೆಕ್ಟರ್ ಅಳತೆ ನೋಡುತ್ತಾರೆ, ಪ್ಯಾಟರ್ನ್ ಮರಳಿನ ಅಚ್ಚು ಮಾಡುವ ಮೋಲ್ಡಿಂಗಿಗೆ ಹೋಗುತ್ತದೆ. ಆಮೇಲೆ ಅದರ ಜೊತೆ ಗುದ್ದಾಡುವವರು ಬೇರೆ. ಮೋಲ್ಡರ್, ಎರಕದ ಒಳಗೆ ಟೊಳ್ಳು ಬಿಡಲು ಇಡುವ ಮರಳಿನ ಕೋರ್ ಮಾಡುವ ಹೆಣ್ಣುಮಕ್ಕಳು, ಎರಕವನ್ನು ಉಜ್ಜಿ ಚೊಕ್ಕ ಮಾಡುವ ಫೆಟ್ಲಿಂಗ್‌ನಲ್ಲಿ ಗ್ರೈಂಡರ್ ಹಿಡಿಯುವವರು, ಎರಕವನ್ನು ಯಂತ್ರಕ್ಕೆ ಕೂರಿಸುವ ಮಷಿನ್ ಶಾಪಿನ ಸೆಟ್ಟರ್. ಇವರು ಯಾರೂ ಪ್ಯಾಟರ್ನ್ ಶಾಪಿನ ಬಾಗಿಲೊಳಗೆ ಬರುವ ರೂಢಿ ಇರಲಿಲ್ಲ. ಕೊನೆಯ ಕೋಟ್ ಬಣ್ಣ ಹಚ್ಚುವ ಮೊದಲು ನಾನು ಇವರನ್ನು ಕರೆಯಲು ಶುರು ಮಾಡಿದೆ.

ಕಾಕಾ ಅವರಿಂದ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು. "ಹೆಂಗೈತಿ?" ಅಂತ ಕೇಳಿದಾಗಲೆಲ್ಲ ಕಾಕಾ ಸುಮ್ನೆ ಇರುತ್ತಿದ್ದರು. ಕಂಟ್ರೋಲರ್ ಕೈಗೆ ಕೊಟ್ಟ ಮೇಲೆಯೇ ಅವರ ಬಾಯಿಂದ ಮಾತು ಹೊರಟಿದ್ದು. ಅನುಭವ ಕೈಯಲ್ಲಿ ಇರುವವರ ಮುಂದೆ ಡ್ರಾಯಿಂಗ್ ಹರಡಿ ಅಭಿಪ್ರಾಯ ಕೇಳಿದರೆ ಅವರು ಮರ್ಯಾದೆಗೆ ತಲೆಯಾಡಿಸುತ್ತಾರೆ. ಅದಕ್ಕೇ ನಾನು ಮರಳಿನ ಪೆಟ್ಟಿಗೆಯನ್ನೇ ಇಟ್ಟು, ಪ್ಯಾಟರ್ನ್ ಕೂರಿಸಿ ನೀವೇ ತೆಗೀರಿ ಅನ್ನುತ್ತೇನೆ.

ಒಂದು ವಾಲ್ವ್ ಬಾಡಿಯಲ್ಲಿ ಆದದ್ದು ಹೇಳುತ್ತೇನೆ. ಮೋಲ್ಡರ್ ಅಣ್ಣ ಪ್ಯಾಟರ್ನ್ ಎತ್ತಿದ. ಪಕ್ಕದ ಬಾಸ್ ಅನ್ನುವ ಉಬ್ಬಿನ ಹತ್ತಿರ ಮರಳು ಸ್ವಲ್ಪ ಉದುರಿತು. ಅಲ್ಲಿ ಡ್ರಾಫ್ಟ್, ಅಂದರೆ ಪ್ಯಾಟರ್ನ್ ಸಲೀಸಾಗಿ ಹೊರಬರಲು ಕೊಡುವ ಓರೆ, ಒಂದು ಡಿಗ್ರಿಯಿಂದ ಎರಡಕ್ಕೆ ಏರಿಸಿದೆವು. ಫೆಟ್ಲಿಂಗ್‌ನವನು ಅಚ್ಚಿನ ಎರಡು ಭಾಗ ಕೂಡುವ ಪಾರ್ಟಿಂಗ್ ಲೈನಿನ ಮೇಲೆ ಬೆರಳು ಎಳೆದ. ಒಳಮೂಲೆಯಲ್ಲಿ ಕಬ್ಬಿಣದ ತೆಳು ರೆಕ್ಕೆ ಬಂದರೆ ಗ್ರೈಂಡರಿನ ಕಲ್ಲು ಅಲ್ಲಿಗೆ ಮುಟ್ಟುವುದಿಲ್ಲ ಅಂದ. ಲೈನನ್ನು ಹೊರಮುಖಕ್ಕೆ ಸರಿಸಿದೆವು. ಸೆಟ್ಟರ್ ಯಂತ್ರದ ಚಕ್ (ಎರಕವನ್ನು ಕಚ್ಚಿ ಹಿಡಿಯುವ ಭಾಗ) ಹಿಡಿಯಲು ಮೂರು ಪ್ಯಾಡ್ ಕೇಳಿದ. ಎಲ್ಲಕ್ಕಿಂತ ಒಳ್ಳೆಯ ಮಾತು ಕೋರ್ ಶಾಪಿನ ಅಕ್ಕನದು. ಕೋರಿನ ಎರಡೂ ತುದಿ ಒಂದೇ ಥರ ಇವೆ, ರಾತ್ರಿ ಪಾಳಿಯಲ್ಲಿ ಯಾರಾದರೂ ತಿರುಗಾಮುರುಗಾ ಇಟ್ಟರೆ ಗೊತ್ತೇ ಆಗುವುದಿಲ್ಲ ಅಂದಳು. ಒಂದು ತುದಿಯ ಕೋರ್ ಪ್ರಿಂಟ್, ಅಂದರೆ ಕೋರಿನ ತುದಿ ಅಚ್ಚಿನಲ್ಲಿ ಕೂರುವ ಜಾಗ, ಚಪ್ಪಟೆ ಮಾಡಿದೆವು. ಈಗ ಅದು ಒಂದೇ ರೀತಿಯಲ್ಲಿ ಕೂರುತ್ತದೆ. ಡ್ರಾಯಿಂಗಿನ ಅಳತೆಗಳೆಲ್ಲ ಮೊದಲೇ ಸರಿ ಇದ್ದವು. ಈ ನಾಲ್ಕು ಮಾತಿನಲ್ಲಿ ಒಂದೂ ಡ್ರಾಯಿಂಗಿನಲ್ಲಿ ಇರಲಿಲ್ಲ.

ಇದಕ್ಕೆ ವಿರೋಧವೂ ಇದೆ. ಉತ್ಪಾದನೆ ನೋಡಿಕೊಳ್ಳುವವರಿಗೆ ಮೋಲ್ಡಿಂಗ್ ಲೈನಿನಿಂದ ಒಬ್ಬ ಆಚೆ ಬಂದರೆ ಚಡಪಡಿಕೆ. ಅವರ ಮಾತಿನಲ್ಲೂ ಹುರುಳಿದೆ, ಕುಲುಮೆಯಲ್ಲಿ ಕರಗಿದ ಕಬ್ಬಿಣ ಯಾರಿಗೂ ಕಾಯುವುದಿಲ್ಲ. ಅದಕ್ಕೇ ಪಾಳಿ ಬದಲಾಗುವ ಹೊತ್ತಿಗೆ ಇಟ್ಟುಕೊಂಡಿದ್ದೇವೆ. ಆ ಹೊತ್ತಿಗೂ ಓವರ್‌ಟೈಮ್ ಕೊಡಬೇಕು ಅನ್ನುವುದು ನನ್ನ ಹಟ. ಅವರ ಬುದ್ಧಿ ಬೇಕು, ಹೊತ್ತಿಗೆ ದುಡ್ಡಿಲ್ಲ ಅಂದರೆ ಹೇಗೆ ಅಲ್ವಾ? ಸದ್ಯಕ್ಕೆ ಚಹಾ, ಅವಲಕ್ಕಿ ಮಾತ್ರ ಸಿಗುತ್ತಿದೆ. ಮಾತುಕತೆ ನಡೆದಿದೆ.

ಟ್ರೈನಿ ಹುಡುಗರನ್ನು ಆರಿಸುವಾಗ ಮನೆಯಲ್ಲಿ, ಬಿಡುವಿನಲ್ಲಿ ಕೈಯಿಂದ ಏನು ಮಾಡುತ್ತೀಯಪ್ಪಾ ಅಂತ ಈಗ ಕೇಳುತ್ತೇನೆ. ಐಟಿಐ ಮುಗಿಸಿದ ಒಬ್ಬ ಹುಡುಗ ಅಳುಕುತ್ತಾ, ನಮ್ಮ ಮನೆಯಲ್ಲಿ ಗಣಪತಿ ಮಾಡ್ತೀವ್ರಿ ಅಂದ. ಅಚ್ಚಿನಿಂದ ಮಣ್ಣಿನ ಗಣಪತಿ ಬಿಡಿಸುವಾಗ ಸೊಂಡಿಲಿನ ಕೆಳಗೆ, ಕಿವಿಯ ಹಿಂದೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಕೇಳಿದೆ. ಎರಡೂ ಕೈ ಎತ್ತಿ ಗಾಳಿಯಲ್ಲೇ ತೋರಿಸಿದ. ಡ್ರಾಫ್ಟ್, ಅಂಡರ್‌ಕಟ್ ಅನ್ನುವ ಹೆಸರು ಅವನಿಗೆ ಗೊತ್ತಿರಲಿಲ್ಲ, ವಿಷಯ ಪೂರ್ತಿ ಗೊತ್ತಿತ್ತು. ಕೆಲಸಕ್ಕೆ ತಗೊಂಡೆವು. ಈಗ ಶನಿವಾರ ಟಿಳಕವಾಡಿಗೂ ಬರುತ್ತಾನೆ. ಘಾಟಿನ ಸುರಂಗಗಳ ಬಾಯಿಗೆ ಪ್ಲಾಸ್ಟರಿನ ಕಲ್ಲುಕಮಾನು ಬೇಕು, ಅದರ ಅಚ್ಚಿನ ಕೆಲಸ ಅವನಿಗೆ ಒಪ್ಪಿಸಿದ್ದೇವೆ.