ಎಲ್ಲಿ ತಪ್ಪಿತು ಅಂತ ಹೇಳುವ ಐರನ್

"ಇದರಲ್ಲಿ ಹೊಡೆದರೆ ನನಗೆ ಗೊತ್ತಾಗುತ್ತೆ," ಅಂದರು ಭಾವ. ಅವರ ಕೈಯಲ್ಲಿದ್ದದ್ದು ಗಾಲ್ಫಿನ ಐರನ್, ಅಂದರೆ ಲೋಹದ ಚಪ್ಪಟೆ ತಲೆಯ ಕ್ಲಬ್.

"ಏನು ಗೊತ್ತಾಗುತ್ತೆ ಸರ್?" ಅಂತ ಕೇಳಿದ ಕ್ಲಬ್ ಮಾರುವ ಹುಡುಗ.

"ಎಲ್ಲಿ ತಪ್ಪಿತು ಅಂತ."

ಹುಡುಗನಿಗೆ ಏನು ಹೇಳಬೇಕೋ ತೋಚಲಿಲ್ಲ. ಅವನ ಹಿಂದಿದ್ದ ಪರದೆಯ ತುಂಬಾ ಅಂಕಿ. ಚೆಂಡು ಐರನ್ನಿನ ಮುಖದ ನಡುವಿನಿಂದ ಎಷ್ಟು ಮಿಲಿಮೀಟರ್ ಆಚೆ ಬಿತ್ತು ಅನ್ನುವುದೂ ಅದರಲ್ಲಿತ್ತು. ಬೆರಳು ಮಾಡಿ ತೋರಿಸಬಹುದಿತ್ತು. ತೋರಿಸಲಿಲ್ಲ. ಒಳ್ಳೆ ಹುಡುಗ. ಆದರೆ ಈ ವಾರವೆಲ್ಲ ನನ್ನ ತಲೆಯಲ್ಲಿ ಈ ಮೂರು ಮಾತೇ ಓಡುತ್ತಿವೆ.

ಭಾವನಿಗೆ ಹೊಸ ಐರನ್ ಸೆಟ್ ಬೇಕಿತ್ತು. ವಯಸ್ಸು 66. ಒಂದು ಕಾಲದಲ್ಲಿ 9 ಇದ್ದ ಹ್ಯಾಂಡಿಕ್ಯಾಪ್ (ಕಡಿಮೆ ಇದ್ದಷ್ಟೂ ಆಟ ಚೆನ್ನ) ಈಗ 16ಕ್ಕೆ ಬಂದು ನಿಂತಿದೆ. ನನ್ನನ್ನು ಜೊತೆಗೆ ಕರೆದುಕೊಂಡು ಹೋದದ್ದು ಸಲಹೆ ಕೇಳೋಕಲ್ಲ, ಹೌದು ಅನ್ನೋಕೆ. ಅದು ಇಬ್ಬರಿಗೂ ಗೊತ್ತಿತ್ತು. ಫೋರ್ಜ್ಡ್, ಅಂದರೆ ಬಡಿದು ಮಾಡಿದ್ದು, ಅಲ್ಲದ ಐರನ್ನನ್ನು ಅವರು ಮುಟ್ಟುವುದೂ ಇಲ್ಲ. ಜಪಾನಿನ ಮಿಜುನೊ ಕಂಪನಿಯದು ಹಿರೋಷಿಮಾದಲ್ಲಿ ಬಡಿದದ್ದು, ಮಿಯುರಾ ಕಂಪನಿಯದು ಹಿಮೇಜಿಯಲ್ಲಿ ಅಂತ ಊರಿನ ಹೆಸರು ಸಮೇತ ಹೇಳುತ್ತಾರೆ. 1997ರ ಮಾಸ್ಟರ್ಸ್ ಟೂರ್ನಿಯನ್ನು ಟೈಗರ್ ವುಡ್ಸ್ 12 ಹೊಡೆತಗಳ ಅಂತರದಲ್ಲಿ ಗೆದ್ದಾಗ ಬ್ಯಾಗಿನಲ್ಲಿ ಇದ್ದದ್ದು ಮಿಜುನೊ ಐರನ್ ಅನ್ನುವುದನ್ನು ನಮ್ಮ ಮನೆಯಲ್ಲಿ ಗಾಲ್ಫ್ ಆಡದವರೂ ಬಾಯಿಪಾಠ ಮಾಡಿದ್ದಾರೆ. ಬೇರೆ ದಾರಿ ಇರಲಿಲ್ಲ.

ಹುಡುಗ ಎರಡು ಸೆಟ್ ತಂದಿಟ್ಟ. ಎರಡರ ಮೇಲೂ ಫೋರ್ಜ್ಡ್ ಅಂತ ಕೊರೆದಿತ್ತು. ಮೊದಲನೆಯದು ಚಿಕ್ಕ ತಲೆ, ತೆಳು ಟಾಪ್ ಲೈನ್ (ಮೇಲಂಚು), ಹಿಂದೆ ಸಣ್ಣದೊಂದು ಕ್ಯಾವಿಟಿ (ಗುಳಿ). ಒಂದೇ ತುಂಡು ಕಾರ್ಬನ್ ಸ್ಟೀಲ್. ಎರಡನೆಯದು ನೋಡೋಕೆ ಹೆಚ್ಚುಕಡಿಮೆ ಹಾಗೇ ಇದೆ, ಆದರೆ ಒಳಗೆ ಟೊಳ್ಳು. ಮುಂದಿನ ತೆಳು ಮುಖ ಮಾತ್ರ ಫೋರ್ಜ್ಡ್. ಹಿಂದಿನ ಮೈ ಎರಕ, ತಳದಲ್ಲಿ ಟಂಗ್‌ಸ್ಟನ್ ತೂಕ. ಹೀಗಿರುವಾಗ ಎರಡಕ್ಕೂ ಒಂದೇ ಹೆಸರು ಹೇಗೆ ಅಂತ ನಾನು ಕೇಳಿದೆ. ಹುಡುಗ ನಕ್ಕ. ಅವನೇನು ಮಾಡ್ತಾನೆ, ಕೊರೆದದ್ದು ಅವನಲ್ಲವಲ್ಲ.

ಫೋರ್ಜ್ ಮಾಡುವುದು ಅಂದರೆ ಉಕ್ಕಿನ ಸರಳನ್ನು ಕೆಂಪಗೆ ಕಾಯಿಸಿ, ಅಚ್ಚಿನ ಮಧ್ಯೆ ಇಟ್ಟು ಬಡಿದು ಆಕಾರ ತರುವುದು. ಕಮ್ಮಾರನ ಕೆಲಸವೇ, ಸುತ್ತಿಗೆ ಮಾತ್ರ ದೊಡ್ಡದು. ಇದಕ್ಕೆ ಹೆಚ್ಚಾಗಿ ಬಳಸುವುದು 1020 ಅಥವಾ 1025 ಅನ್ನುವ ಮೆದು ಉಕ್ಕು. ಕೊನೆಯ ಎರಡು ಅಂಕಿ ಅದರಲ್ಲಿರುವ ಇಂಗಾಲದ ಲೆಕ್ಕ, 0.20 ಅಥವಾ 0.25 ಶೇಕಡಾ. ಎರಕದ ಐರನ್ ಹಾಗಲ್ಲ. ಕರಗಿಸಿದ ಸ್ಟೇನ್‌ಲೆಸ್ ಸ್ಟೀಲನ್ನು ಅಚ್ಚಿಗೆ ಸುರಿದು ಮಾಡುತ್ತಾರೆ. ಹಾಗೆ ಮಾಡಿದರೆ ತೂಕವನ್ನು ಬೇಕಾದ ಕಡೆ ಇಡಬಹುದು. ಪಿಂಗ್ ಕಂಪನಿ ಕಟ್ಟಿದ ಕಾರ್ಸ್ಟನ್ ಸೋಲ್ಹೈಮ್ ಮೊದಲು ಎಂಜಿನಿಯರ್ ಆಗಿದ್ದವರು. ತೂಕವನ್ನು ತಲೆಯ ಅಂಚಿಗೆ ಸರಿಸಿದರೆ ಪಕ್ಕದಲ್ಲಿ ತಗುಲಿದ ಹೊಡೆತಕ್ಕೂ ತಲೆ ಜಾಸ್ತಿ ತಿರುಗುವುದಿಲ್ಲ ಅಂತ ತೋರಿಸಿದರು. 1982ರಲ್ಲಿ ಬಂದ ಅವರ ಐ 2 ಅನ್ನುವ ಐರನ್ ಎರಕದ್ದೇ. ಅದನ್ನು ಹಿಡಿದು ದೊಡ್ಡ ದೊಡ್ಡ ಪಂದ್ಯ ಗೆದ್ದವರಿದ್ದಾರೆ. ಇದನ್ನೆಲ್ಲ ಭಾವನ ಮುಂದೆ ಹೇಳಿದರೆ ಆಕಾಶ ನೋಡುತ್ತಾರೆ.

7 ಐರನ್ ತೆಗೆದುಕೊಂಡು ಹೊಡೆಯಲು ಶುರು ಮಾಡಿದರು. ಚಿಕ್ಕ ತಲೆಯದರಲ್ಲಿ ಚೆಂಡು 138 ಗಜದ ಹತ್ತಿರ ಬೀಳುತ್ತಿತ್ತು. ಟೊಳ್ಳಿನದರಲ್ಲಿ 150. "ನೋಡಿ ಸರ್, 12 ಗಜ ಸುಮ್ನೆ ಸಿಕ್ತು," ಅಂದ ಹುಡುಗ.

ಸುಮ್ನೆ ಯಾರು ಕೊಡ್ತಾರೆ? ಎರಡರ ಲಾಫ್ಟ್, ಅಂದರೆ ಮುಖ ಹಿಂದಕ್ಕೆ ವಾಲಿರುವ ಕೋನ, ಎಷ್ಟು ಅಂತ ಕೇಳಿದೆ. ಅದು ಕಡಿಮೆಯಾದಷ್ಟೂ ಚೆಂಡು ದೂರ, ಐರನ್ನಿನ ನಂಬರೂ ಚಿಕ್ಕದು. ಚಿಕ್ಕ ತಲೆಯದು 34 ಡಿಗ್ರಿ, ಟೊಳ್ಳಿನದು 30. ನಾಲ್ಕು ಡಿಗ್ರಿ ಅಂದರೆ ಸರಿಯಾಗಿ ಒಂದು ಕ್ಲಬ್ಬಿನ ವ್ಯತ್ಯಾಸ. ಅಂದರೆ ಹಳೆಯ ಲೆಕ್ಕದ 6 ಐರನ್ನಿನ ಮೇಲೆ 7 ಅಂತ ಬರೆದಿದ್ದಾರೆ. ಎಕ್ಸ್ ಎಲ್ ಅಳತೆಯ ಪ್ಯಾಂಟಿಗೆ ಎಲ್ ಅಂತ ಚೀಟಿ ಹಾಕಿದರೆ ಹಾಕಿಕೊಂಡವರಿಗೆ ಖುಷಿ ಆಗುತ್ತದಲ್ಲ, ಹಾಗೆ. ಹುಡುಗ ಸುಳ್ಳು ಹೇಳಲಿಲ್ಲ. ಕೇಳಿದ ಕೂಡಲೇ ಹೇಳಿದ. ಕೇಳದಿದ್ದರೆ ಹೇಳುತ್ತಿರಲಿಲ್ಲ, ಅಷ್ಟೇ. ಈ ಜಾತಿಯ ಪ್ರಾಮಾಣಿಕತೆ ಈಗ ಎಲ್ಲ ಕಡೆ ಸಿಗುತ್ತದೆ.

ಆದರೆ ನ್ಯಾಯವಾಗಿ ಹೇಳಬೇಕು ಅಂದರೆ, ಲಾಫ್ಟ್ ಕಡಿಮೆ ಇದ್ದರೂ ಆ ಐರನ್ ಚೆಂಡನ್ನು ಎತ್ತರಕ್ಕೇ ಕಳಿಸುತ್ತಿತ್ತು. ತಳದಲ್ಲಿರುವ ಟಂಗ್‌ಸ್ಟನ್‌ಗೆ ಅದೇ ಕೆಲಸ. ಸ್ಪಿನ್ ಮಾತ್ರ ಕಡಿಮೆ. ಭಾವನ ಸ್ವಿಂಗ್ ಈಗ ನಿಧಾನ. ಆ ವೇಗಕ್ಕೆ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ, ಮೇಲೆ ಬಿದ್ದ ಚೆಂಡು ನಿಲ್ಲುತ್ತದೋ ಉರುಳುತ್ತದೋ ಅನ್ನುವುದು ಬೇರೆ ಪ್ರಶ್ನೆ. ದೂರದ ಆಸೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ಆಮೇಲೆ ಆ ಎರಡು ಹೊಡೆತ ಬಂದವು. ನಾನು ಮರೆಯೋಕೆ ಆಗದೇ ಇರುವುದು ಅವನ್ನೇ.

ಟೊಳ್ಳು ಐರನ್ನಿನಲ್ಲಿ ಹೊಡೆದರು. ಸದ್ದು ಚೆನ್ನಾಗಿತ್ತು, ಚೆಂಡು ನೆಟ್ಟಗೆ ಹೋಯಿತು. 144 ಗಜ. "ಟೋ ಕಡೆ ಬಿದ್ದರೂ ಎಷ್ಟು ದೂರ ಹೋಯ್ತು ನೋಡಿ ಸರ್!" ಅಂದ ಹುಡುಗ ಖುಷಿಯಿಂದ. ಟೋ ಅಂದರೆ ತಲೆಯ ಹೊರತುದಿ. ಭಾವ ತಿರುಗಿ ನೋಡಿದರು. "ಟೋ ಕಡೆ ಬಿತ್ತಾ?" ಅಂದರು. ಅವರಿಗೆ ಗೊತ್ತೇ ಆಗಿರಲಿಲ್ಲ.

ಚಿಕ್ಕ ತಲೆಯದು ಎತ್ತಿಕೊಂಡರು. ಮತ್ತೆ ಟೋ ಕಡೆಗೇ ಬಿತ್ತು. ಈ ಸಲ ಟಣ್ ಅಂತ ಒಣ ಸದ್ದು, ಕೈ ಜುಮ್ ಅಂದದ್ದು ಅವರ ಭುಜದಲ್ಲೇ ಕಾಣುತ್ತಿತ್ತು. 121 ಗಜ. ಮುಂದೆ ಬಂಕರ್ (ಮರಳಿನ ಗುಂಡಿ) ಇದ್ದಿದ್ದರೆ ಚೆಂಡು ಒಳಗೇ. ಹುಡುಗ ಏನೂ ಹೇಳಲಿಲ್ಲ, ಪರದೆ ಕಡೆ ನೋಡುತ್ತಿದ್ದ. ಭಾವ ನಕ್ಕರು. ತುಂಬಾ ದಿನದಿಂದ ನೋಡದ ಸ್ನೇಹಿತ ಬಾಗಿಲಲ್ಲಿ ಬೈದರೆ ನಗುತ್ತಾರಲ್ಲ, ಅಂಥ ನಗು ಅದು. ಆಗಲೇ ಅವರು ಆ ಮಾತು ಹೇಳಿದ್ದು. ಇದರಲ್ಲಿ ಹೊಡೆದರೆ ನನಗೆ ಗೊತ್ತಾಗುತ್ತೆ.

ನನಗೆ ಆ ಕ್ಷಣದಲ್ಲಿ ಬಂದದ್ದು ಸಿಟ್ಟು. ಗೊತ್ತಾಗಿ ಏನು ಮಾಡೋದಿದೆ ಈ ವಯಸ್ಸಿನಲ್ಲಿ? 23 ಗಜ ಕಳೆದುಕೊಂಡು ನಗುವುದು ಯಾವ ಬುದ್ಧಿವಂತಿಕೆ? ಹೌದು ಅನ್ನೋಕೆ ಬಂದವರು ಇದನ್ನೆಲ್ಲ ಬಾಯಿಬಿಟ್ಟು ಹೇಳುವ ಹಾಗಿಲ್ಲ.

ಅವರು ನೀರು ಕುಡಿಯಲು ಕೂತಾಗ ನಾನು ಎರಡನ್ನೂ ಹೊಡೆದು ನೋಡಿದೆ. ಹುಡುಗ ಇನ್ನೊಂದು ಉಪಾಯ ಹೇಳಿದ: ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಹೊಡೆಯಿರಿ ಅಂತ. ಹಾಕಿಕೊಂಡೆ. ಫೋರ್ಜ್ಡ್ ಐರನ್ನಿನ ಹೊಡೆತ ಮೆದು ಅಂತ ಎಲ್ಲರೂ ಕೊಂಡಾಡುತ್ತಾರಲ್ಲ, ಅದರಲ್ಲಿ ಬಹುಪಾಲು ಅಲ್ಲೇ ಮಾಯ. ಇದು ಹೊಸ ಮಾತೇನಲ್ಲ. ಸದ್ದಿಗೂ ಆಟಗಾರರು ಫೀಲ್ ಅಂತ ಹೇಳುವುದಕ್ಕೂ ಗಟ್ಟಿ ನಂಟಿದೆ ಅಂತ ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲೇ ಬರೆದಿದ್ದಾರೆ. ಚೆಂಡು ಮುಖಕ್ಕೆ ಅಂಟಿಕೊಂಡಿರುವುದು ಸೆಕೆಂಡಿನ ಎರಡು ಸಾವಿರ ಭಾಗಗಳಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ. ಕೈಗೆ ಸುದ್ದಿ ಮುಟ್ಟುವ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತದೆ. ಐರನ್ ಹೇಳುವುದೆಲ್ಲ ಮುಗಿದ ಮೇಲಿನ ವರದಿ.

ಆದರೆ ವರದಿಯೇ ಬೇಕು ಅನ್ನುವ ಮನುಷ್ಯ ಇದ್ದರೆ?

ಮನೆಗೆ ಬಂದ ಮೇಲೆ ನನಗೆ ಹೊಳೆದದ್ದು ಇದು. ಭಾವ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಅವರ ಜೊತೆ ಆಡುವ ಮೂವರೂ ಒಂದು ಕಾಲದಲ್ಲಿ ಅವರ ಕೈಕೆಳಗೆ ಕೆಲಸ ಮಾಡಿದವರು. ನಾನು ಒಂದೆರಡು ಸಲ ಅವರ ಜೊತೆ ಹೋಗಿದ್ದೇನೆ. ಭಾವ ಏನು ಹೊಡೆದರೂ "ಗುಡ್ ಶಾಟ್ ಸರ್". ಚೆಂಡು ನೆಲ ಕೆರೆದುಕೊಂಡು ಹೋದರೂ "ಗುಡ್ ಶಾಟ್ ಸರ್, ಉರುಳಿಕೊಂಡು ಹೋಗುತ್ತೆ". ಮರಕ್ಕೆ ಬಡಿದರೆ "ಬ್ಯಾಡ್ ಲಕ್ ಸರ್". ಒಬ್ಬನಂತೂ ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಹೊಗಳಿಬಿಡುತ್ತಾನೆ. ಕೆಟ್ಟವರಲ್ಲ ಪಾಪ. ಅಭ್ಯಾಸ ಬಿಟ್ಟಿಲ್ಲ, ಅಷ್ಟೇ. ಆದರೆ ಇಡೀ ಬೆಳಗ್ಗೆ ಒಂದೇ ಒಂದು ಸಲವೂ ಯಾರೂ ನಿಜ ಹೇಳದ ಆಟವನ್ನು ವಾರ ವಾರ ಆಡುವುದು ಹೇಗಿರಬಹುದು? ಈಗ ಅದಕ್ಕೆ ಒಂದು ಟೊಳ್ಳು ಐರನ್ನನ್ನೂ ಸೇರಿಸಿದರೆ ಅದೂ ನಾಲ್ಕನೆಯವನಾಗಿ ಗುಡ್ ಶಾಟ್ ಸರ್ ಅನ್ನುತ್ತದೆ.

ಇದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ತಪ್ಪು ಹೇಳಿಸಿಕೊಳ್ಳೋಕೆ ಮನೆಯಲ್ಲಿ ನಾನಿದ್ದೀನಲ್ಲ, ಅದಕ್ಕೆ ಐರನ್ ಬೇರೆ ಕೊಳ್ಳಬೇಕಾ?" ಅಂದಳು.

ಅವತ್ತು ಅಲ್ಲಿ ನಡೆದ ಇನ್ನೊಂದು ಸಂಗತಿ ಹೇಳಲೇಬೇಕು. ಭಾವನ ಹೊಡೆತಗಳು ಹೆಚ್ಚಿನವು ಎಡಕ್ಕೆ ಹೋಗುತ್ತಿದ್ದವು. ಹುಡುಗ ಚೆಂಡಿನ ಮೇಲೆ ಮಾರ್ಕರಿನಲ್ಲಿ ನೆಟ್ಟಗೆ ಒಂದು ಗೆರೆ ಎಳೆದು, ಗೆರೆ ಐರನ್ನಿನ ಮುಖದ ಕಡೆ ಬರುವ ಹಾಗೆ ಇಟ್ಟು ಹೊಡೆಸಿದ. ಗೆರೆ ಮುಖದ ಮೇಲೆ ಅಚ್ಚಾಯಿತು, ಆದರೆ ವಾಲಿಕೊಂಡು. ಅಂದರೆ ಚೆಂಡಿಗೆ ತಾಗುವಾಗ ಟೋ ಮೇಲಕ್ಕೆದ್ದಿರುತ್ತದೆ, ಹೀಲ್, ಅಂದರೆ ಕೋಲಿನ ಕಡೆಯ ತುದಿ, ನೆಲಕ್ಕೆ ಮೊದಲು ತಾಗುತ್ತದೆ. ಹಾಗಾದಾಗ ಬಲಗೈ ಆಟಗಾರನ ಚೆಂಡು ಎಡಕ್ಕೆ ಎಳೆಯುತ್ತದೆ. ಅವರ ಹಳೆಯ ಸೆಟ್ಟಿನ ಲೈ ಆ್ಯಂಗಲ್ (ಕೋಲು ನೆಲಕ್ಕೆ ವಾಲಿರುವ ಕೋನ) ಹಿಂದೆ ಅಳೆಸಿದಾಗ ಅವರಿಗೆ ಸರಿಯಾಗಿಯೇ ಇತ್ತು. ಐರನ್ ಬದಲಾಗಿಲ್ಲ. ಬೆನ್ನು ಬಾಗಿದೆ. ಕೈ ಮೊದಲಿಗಿಂತ ಕೆಳಗೆ ಬಂದಿದೆ.

ಹುಡುಗ ಇದನ್ನು ಎಷ್ಟು ಚೆನ್ನಾಗಿ ಹೇಳಿದ ಗೊತ್ತಾ? "ಸರ್, ನಿಮ್ಮ ಸೆಟಪ್ ಈಗ ಸ್ವಲ್ಪ ಬೇರೆ ಇದೆ, ಲೈ ಎರಡು ಡಿಗ್ರಿ ತಗ್ಗಿಸಿ ಫ್ಲ್ಯಾಟ್ ಮಾಡೋಣ." ಅಷ್ಟೇ. ವಯಸ್ಸು ಅನ್ನುವ ಮಾತು ಬರಲಿಲ್ಲ. ಅವನ ಮೇಲಿದ್ದ ನನ್ನ ಸಣ್ಣ ಅಸಮಾಧಾನ ಅಲ್ಲಿಗೆ ಮುಗಿಯಿತು. ಹೀಗೆ ಬಗ್ಗಿಸುವುದರಲ್ಲಿ ಒಂದೇ ತುಂಡು ಮೆದು ಉಕ್ಕಿನ ಐರನ್ನಿಗೆ ನಿಜವಾದ ಲಾಭವಿದೆ. ಯಂತ್ರಕ್ಕೆ ಸಿಕ್ಕಿಸಿ ಕತ್ತನ್ನು ಸರಳಿನಿಂದ ಒತ್ತಿದರೆ ಹೇಳಿದ ಮಾತು ಕೇಳುತ್ತದೆ. ಗಟ್ಟಿ ಎರಕ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಬಿರುಕು ಬಿಡುವ ಭಯ ಇರುತ್ತದೆ. ಫೀಲ್ ಬಗ್ಗೆ ಪುಟಗಟ್ಟಲೆ ಬರೆಯುವವರು ಇದನ್ನು ಯಾಕೆ ಮೊದಲು ಹೇಳುವುದಿಲ್ಲವೋ. ಆದರೆ ಮೆದು ಅಂದಮೇಲೆ ತಾನಾಗಿಯೂ ಬಗ್ಗಬಹುದು. ಮ್ಯಾಟ್ ಮೇಲೆ ಜಾಸ್ತಿ ಹೊಡೆಯುವವರು ವರ್ಷಕ್ಕೊಮ್ಮೆ ಅಳೆಸಿ ನೋಡುವುದು ಒಳ್ಳೆಯದು.

ಶಾಫ್ಟ್, ಅಂದರೆ ಕೋಲಿನ, ವಿಷಯಕ್ಕೆ ಸ್ವಲ್ಪ ಜಗಳ ಆಯಿತು. ಭಾವ ಇಷ್ಟು ವರ್ಷ ಹಿಡಿದದ್ದು ಡೈನಾಮಿಕ್ ಗೋಲ್ಡ್ ಎಸ್300 ಅನ್ನುವ ಉಕ್ಕಿನ ಶಾಫ್ಟ್. ಅದು ಸುಮಾರು 130 ಗ್ರಾಂ ತೂಗುತ್ತದೆ. ಅದನ್ನು ಬಿಟ್ಟರೆ ಮಾನ ಹೋಗುತ್ತದೆ ಅನ್ನುವ ಹಾಗೆ ಕೂತಿದ್ದರು. 105ರ ಆಸುಪಾಸಿನದನ್ನು ಹಾಕಿಕೊಟ್ಟಾಗ ಚೆಂಡು ಎತ್ತರಕ್ಕೂ ಹೋಯಿತು, ನಾಲ್ಕಾರು ಗಜ ಮುಂದಕ್ಕೂ ಹೋಯಿತು. ಆಗ ಸುಮ್ಮನಾದರು.

ಕೊನೆಗೆ ಚಿಕ್ಕ ತಲೆಯದನ್ನೇ ತೆಗೆದುಕೊಂಡರು, 6ರಿಂದ ಹೆಚ್ಚು ಲಾಫ್ಟಿನ ವೆಜ್‌ವರೆಗೆ. 4 ಮತ್ತು 5ರ ಜಾಗಕ್ಕೆ ಹೈಬ್ರಿಡ್, ಅಂದರೆ ಚೆಂಡನ್ನು ಸುಲಭವಾಗಿ ಎತ್ತುವ ದಪ್ಪ ತಲೆಯ ಕ್ಲಬ್. ಬ್ಯಾಗಿನಲ್ಲಿ ಹೇಗೂ 14 ಕ್ಲಬ್ಬಿಗೇ ಜಾಗ, ಚೆಂಡು ಎತ್ತೋಕಾಗದ ಲಾಂಗ್ ಐರನ್ ಹೊತ್ತು ತಿರುಗಿ ಏನು ಮಾಡೋದು ಅಂತ ಅವರೇ ಅಂದರು. ನಾನಾಗಿದ್ದರೆ ಈಗಲೂ 6 ಮತ್ತು 7 ಟೊಳ್ಳಿನವು, 8ರಿಂದ ವೆಜ್ ತನಕ ಚಿಕ್ಕ ತಲೆಯವು ಅಂತ ಬೆರೆಸಿ ಕೊಳ್ಳುತ್ತಿದ್ದೆ. ಅದು ಸಾಧ್ಯವಿತ್ತು, ಹುಡುಗನೂ ಹೇಳಿದ. ಭಾವ ಕೇಳಿಸಿಕೊಂಡರು, ಅಷ್ಟೇ.

ಗ್ರಿಪ್ ಬಣ್ಣ ಯಾವುದು ಅಂತ ಕೇಳಿದ ಹುಡುಗ. ಕಪ್ಪು, ಮತ್ತೇನಿದೆ, ಅಂದರು. ಆಮೇಲೆ ಒಂದು ಗಳಿಗೆ ತಡೆದು, ದಪ್ಪದ್ದು ಹಾಕು ಅಂದರು. ಬೆರಳ ಗಂಟು ಬೆಳಗ್ಗೆ ಹೊತ್ತು ನೋಯುತ್ತಂತೆ, ತೆಳು ಗ್ರಿಪ್ ಹಿಡಿಯೋಕೆ ಆಗಲ್ವಂತೆ. ಹುಡುಗ ತಲೆಯಾಡಿಸಿ ಬರೆದುಕೊಂಡ. ಈ ನೋವಿನ ಸುದ್ದಿಯನ್ನು ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಫೋನ್ ಇಡುವ ಮೊದಲು ಅದನ್ನೂ ಅಕ್ಕನಿಗೆ ಹೇಳಿಬಿಟ್ಟೆ.