ಬೆನ್ನಿನ ನೀರು ತೆಗೆಯುವ ದಿನ

ತಲೆಯೊಳಗಿನ ಒತ್ತಡ ಏರಿದೆ ಎಂಬ ಅನುಮಾನದಲ್ಲಿ ಬೆನ್ನಿನ ನೀರು, ಅಂದರೆ ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವ, ತೆಗೆಯುವ ದಿನ ಎಲ್ಲರ ಕಣ್ಣೂ ಸೂಜಿಯ ಮೇಲೆ. ಕಾರಣ ತಿಳಿಯದೆ ಏರುವ ಒತ್ತಡದ ಹಿಂದೆ ಉರಿಯೂತ ಇದೆಯೇ ಎಂದು ರಕ್ತದಲ್ಲೂ ಆ ನೀರಿನಲ್ಲೂ ಹುಡುಕುತ್ತಾರೆ. ಆ ಲೆಕ್ಕ ಕೆಡುವುದು ಮಾತ್ರ ಅದಕ್ಕೂ ಮೊದಲೇ, ಬೆಳಿಗ್ಗೆ ರಕ್ತ ತೆಗೆಯುವಾಗ. ಹಿಂದಿನ ರಾತ್ರಿ ಸ್ಟೀರಾಯ್ಡ್ ಕೊಟ್ಟಿದ್ದರೆ ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಏರಿ ಲಿಂಫೋಸೈಟ್ ಇಳಿದಿರುತ್ತವೆ. ಉರಿಯೂತ ಅಳೆಯಲು ಬಳಸುವ ಅವೆರಡರ ಅನುಪಾತ ಆಗ ಹೇಳುವುದು ಔಷಧದ ಕಥೆಯನ್ನು, ಕಾಯಿಲೆಯದನ್ನಲ್ಲ. ಕೆಂಪು ಕಣಗಳು ತಳಕ್ಕಿಳಿಯುವ ವೇಗ ಅಳೆಯುವ ಇಎಸ್‌ಆರ್ ಅಂತೂ ಎಲ್ಲದಕ್ಕೂ ತಲೆಯಾಡಿಸುವ ಪರೀಕ್ಷೆ, ರಕ್ತಹೀನತೆಗೂ ಏರುತ್ತದೆ.

ಎಂಆರ್‌ಐಯಲ್ಲಿ ಗಡ್ಡೆಯಿಲ್ಲ, ಮಿದುಳಿನ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟಿಲ್ಲ ಎಂದು ಖಾತ್ರಿಯಾದ ಮೇಲೆ ರೋಗಿಯನ್ನು ಪಕ್ಕಕ್ಕೆ ಮಲಗಿಸುತ್ತಾರೆ. ಸೂಜಿ ಒಳಹೋದ ಮೇಲೆ ಮಡಿಸಿದ ಕಾಲು ಸಡಿಲಿಸಿ, ಉಸಿರು ಸರಾಗವಾಗುವವರೆಗೆ ಕಾದು ಒತ್ತಡ ಅಳೆಯಬೇಕು. ಮೊಣಕಾಲು ಹೊಟ್ಟೆಗೆ ಒತ್ತಿದ್ದರೆ, ಉಸಿರು ಬಿಗಿಹಿಡಿದಿದ್ದರೆ ಅಳತೆ ಸುಳ್ಳೇ ಏರುತ್ತದೆ. ವಯಸ್ಕರಲ್ಲಿ 25 ಸೆಂ.ಮೀ. ನೀರಿನ ಮಟ್ಟ ಗಡಿ. ಆದರೆ ಕಣ್ಣಿನ ನರದ ಊತ ನೋಡದೆ ಈ ಒಂದೇ ಅಂಕಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಸೂಜಿ ರಕ್ತನಾಳಕ್ಕೆ ತಗುಲಿ ನೀರು ಕೆಂಪಾದರೆ ತೊಂದರೆ ಶುರು. 500ರಿಂದ 1000 ಕೆಂಪು ಕಣಕ್ಕೆ ಒಂದು ಬಿಳಿ ಕಣ ಕಳೆಯುವ ಲೆಕ್ಕವೇನೋ ಇದೆ. ಉರಿಯೂತದ ಸಂದೇಶ ಒಯ್ಯುವ ಇಂಟರ್‌ಲ್ಯೂಕಿನ್ ಎಂಬ ಪ್ರೋಟೀನ್‌ಗಳಿಗೆ ಅಂಥ ನೆಚ್ಚಬಹುದಾದ ಲೆಕ್ಕವಿಲ್ಲ, ಆ ಮಾದರಿಯನ್ನು ಬಿಡುವುದೇ ಲೇಸು. ತಿಳಿಯಾದ ನೀರನ್ನು ತಡಮಾಡದೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಚಿಕ್ಕ ಚಿಕ್ಕ ಪಾಲು ಮಾಡಿ ಮೈನಸ್ 80 ಡಿಗ್ರಿಯಲ್ಲಿಡಬೇಕು. ಒಂದೇ ನಳಿಕೆಯನ್ನು ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದರೆ ಮಟ್ಟಗಳು ಹಾಳಾಗುತ್ತವೆ.

1893ರಲ್ಲಿ ಜರ್ಮನ್ ವೈದ್ಯ ಕ್ವಿಂಕೆ ತಲೆಯೊಳಗಿನ ಒತ್ತಡದ ಈ ಬಗೆಯ ಕಾಯಿಲೆಯನ್ನು ಮಿದುಳ ಪೊರೆಯ ಉರಿಯೂತದ ಹೆಸರಿನಿಂದಲೇ ಕರೆದಿದ್ದ. ಕಾರಣ ತಿಳಿಯದ ಒತ್ತಡದಲ್ಲಿ ನೀರಿನ ಕಣ, ಪ್ರೋಟೀನ್, ಸಕ್ಕರೆ ಎಲ್ಲ ಸಹಜವಾಗಿರಬೇಕು ಎಂಬುದು ಇಂದಿನ ನಿಯಮ. ಹಾಗಿದ್ದರೆ ರಕ್ತದಲ್ಲಿ ಉರಿಯೂತ ಸೂಚಿಸುವ ಪ್ರೋಟೀನ್ ಸಿಆರ್‌ಪಿ ಏಕೆ ಏರಿರುತ್ತದೆ? ಈ ರೋಗಿಗಳಲ್ಲಿ ಹೆಚ್ಚಿನವರು ದಪ್ಪಗಿರುವ ಯುವತಿಯರು. ಕೊಬ್ಬಿನ ಅಂಗಾಂಶವೇ ಇಂಟರ್‌ಲ್ಯೂಕಿನ್-6 ಸುರಿಸುತ್ತದೆ, ಅದರ ಕರೆಗೆ ಯಕೃತ್ತು ಸಿಆರ್‌ಪಿ ತಯಾರಿಸುತ್ತದೆ. ಹಾಗಾಗಿ ತೆಳ್ಳಗಿನವರ ಜತೆ ಹೋಲಿಸಿ ‘ಉರಿಯೂತ ಸಿಕ್ಕಿತು’ ಎನ್ನುವುದು ತೂಕವನ್ನೇ ಇನ್ನೊಂದು ಹೆಸರಿನಲ್ಲಿ ಅಳೆದಂತೆ. ಅಷ್ಟೇ ತೂಕದ, ಅದೇ ವಯಸ್ಸಿನ, ಒತ್ತಡವಿಲ್ಲದ ಹೆಂಗಸರು ಹೋಲಿಕೆಗೆ ಬೇಕು. ತೂಕ ಇಳಿದಾಗ ಒತ್ತಡವೂ ಸಿಆರ್‌ಪಿಯೂ ಜತೆಗೇ ಇಳಿದರೆ ಯಾವುದರಿಂದ ಯಾವುದು ಎಂಬ ಗಂಟು ಇನ್ನೂ ಬಿಗಿಯಾಗುತ್ತದೆ.

ಸಂಜೆ ವರದಿಯಲ್ಲಿ ನೀರಿನ ಬಿಳಿ ಕಣ ಮೈಕ್ರೋಲೀಟರಿಗೆ ಐದನ್ನು ದಾಟಿದ್ದರೆ, ಸಕ್ಕರೆ ಕುಗ್ಗಿದ್ದರೆ ಕ್ಷಯದಂಥ ಸೋಂಕು ಹುಡುಕಬೇಕು. ಸಿಆರ್‌ಪಿ ಸಹಜವಿದೆಯೆಂದು ಕೈಬಿಡುವಂತಿಲ್ಲ. ಎಚ್‌ಐವಿ ಇರುವವರಲ್ಲಂತೂ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರ ಒತ್ತಡವನ್ನು ವಿಪರೀತ ಏರಿಸಿಯೂ ಕಣಗಳನ್ನು ಹೆಚ್ಚಿಸದೆ ಇರಬಲ್ಲದು. ಆ ಶಿಲೀಂಧ್ರದ ಗುರುತು ಹುಡುಕುವ ಆ್ಯಂಟಿಜೆನ್ ಪರೀಕ್ಷೆಗೆ ಕಳಿಸುವ ಮುನ್ನ ಉಳಿದ ನೀರನ್ನು ಚೆಲ್ಲಬಾರದು.